ತರಬೇತಿ ವಿಮಾನಗಳ ಜಾತ್ರೆಯಲ್ಲಿ ಹುಷಾರಾಗಿ ಹಾರುವುದು: ಪೈಲಟ್ ಆಗಲು ಹೊರಟವರಿಗೆ ಮತ್ತು ಅವರ ಮನೆಯವರಿಗೆ

ಕಳೆದ ತಿಂಗಳು ರಜೆ ಹಾಕಿ ದಾವಣಗೆರೆಗೆ ಬಂದಿದ್ದೆ. ಚಳ್ಳಕೆರೆಯಿಂದ ಒಂದು ಕುಟುಂಬ ನನ್ನನ್ನು ನೋಡಲು ಮನೆಗೆ ಬಂತು. ಮಗಳು ಪಿಯುಸಿ ಮುಗಿಸಿ ಪೈಲಟ್ ತರಬೇತಿಗೆ ಸೇರುವ ತಯಾರಿಯಲ್ಲಿದ್ದಳು. ಅಪ್ಪನ ಪ್ರಶ್ನೆಗಳೆಲ್ಲ ಫೀಸು, ಬ್ಯಾಂಕ್ ಸಾಲ, ಮುಂದೆ ಸಿಗುವ ಕೆಲಸದ ಬಗ್ಗೆ. ಅಮ್ಮ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಕಾಫಿ ಮುಗಿದ ಮೇಲೆ ಕೇಳಿದರು: "ಸರ್, ಆಕಾಶ ಅಷ್ಟು ದೊಡ್ಡದೈತೆ. ಅಲ್ಲಿ ಒಂದಕ್ಕೊಂದು ಗುದ್ದೋದು ಹೆಂಗೆ?"

ಆ ಮನೆಯಲ್ಲಿ ಅವತ್ತು ಕೇಳಿದ್ದರಲ್ಲಿ ಇದೇ ದೊಡ್ಡ ಪ್ರಶ್ನೆ. ಆಕಾಶ ದೊಡ್ಡದು ನಿಜ. ಆದರೆ ಎಲ್ಲ ವಿಮಾನಗಳೂ ಇಳಿಯಬೇಕಾದದ್ದು ಒಂದೇ ರನ್‌ವೇ ಮೇಲೆ. ಸಣ್ಣ ವಿಮಾನಗಳ ಡಿಕ್ಕಿ ಜಾಸ್ತಿ ಆಗುವುದು ಮೋಡದೊಳಗಲ್ಲ, ಕತ್ತಲಲ್ಲೂ ಅಲ್ಲ. ತಿಳಿಯಾದ ಹಗಲಿನಲ್ಲಿ, ನಿಲ್ದಾಣದ ಹತ್ತಿರವೇ, ಕಡಿಮೆ ಎತ್ತರದಲ್ಲಿ. 2025ರ ಜುಲೈ 8ರಂದು ಕೆನಡಾದ ಮ್ಯಾನಿಟೋಬಾದಲ್ಲಿ ಸ್ಟೈನ್‌ಬ್ಯಾಕ್ ಎಂಬ ಊರಿನ ಹತ್ತಿರ ಎರಡು ತರಬೇತಿ ವಿಮಾನಗಳು ಗಾಳಿಯಲ್ಲೇ ಡಿಕ್ಕಿ ಹೊಡೆದವು. ಎರಡರಲ್ಲೂ ಒಬ್ಬೊಬ್ಬ ವಿದ್ಯಾರ್ಥಿ. ಇಬ್ಬರೂ ಉಳಿಯಲಿಲ್ಲ. ಅವರಲ್ಲಿ ಒಬ್ಬ ನಮ್ಮ ಪಕ್ಕದ ಕೇರಳದ ಹುಡುಗ. ಆ ಸುದ್ದಿ ಬಂದ ವಾರ ನನ್ನ ವಿದ್ಯಾರ್ಥಿಗಳ ಮನೆಗಳಿಂದ ಎಷ್ಟು ಫೋನ್ ಬಂದವೋ ಲೆಕ್ಕವಿಲ್ಲ.

ನಾನು ಹನ್ನೊಂದು ವರ್ಷದಿಂದ ಹಾರಾಟ ಕಲಿಸುತ್ತಿದ್ದೇನೆ. ಆ ಅಮ್ಮನಿಗೆ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆದಿದ್ದೇನೆ. ಸೇರುವ ಮೊದಲು ಏನು ನೋಡಬೇಕು, ಸೇರಿದ ಮೇಲೆ ಏನು ರೂಢಿ ಮಾಡಿಕೊಳ್ಳಬೇಕು, ಆ ಕ್ರಮದಲ್ಲೇ.

ಹೆಜ್ಜೆ 1: ದುಡ್ಡು ಕಟ್ಟುವ ಮೊದಲು ಬೇಲಿ ಹೊರಗೆ ಎರಡು ಗಂಟೆ ನಿಲ್ಲಿ

ನಮ್ಮ ದಾವಣಗೆರೆಗೆ ಇನ್ನೂ ವಿಮಾನ ನಿಲ್ದಾಣ ಬಂದಿಲ್ಲ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ರನ್‌ವೇ ಇದೆ. ಆದರೆ ಅದು 2017ರಲ್ಲಿ ಶುರುವಾದ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ಕೇಂದ್ರ. ಅಲ್ಲಿ ಮುಖ್ಯವಾಗಿ ಹಾರುವುದು ಪೈಲಟ್ ಇಲ್ಲದ ವಿಮಾನಗಳು. ಇಸ್ರೋದ ಮರುಬಳಕೆಯ ರೆಕ್ಕೆಯ ವಾಹನ ಪುಷ್ಪಕ್ 2023 ಮತ್ತು 2024ರಲ್ಲಿ ತಾನೇ ತಾನಾಗಿ ಇಳಿದಿದ್ದೂ ಅಲ್ಲೇ. ಪೈಲಟ್ ಕಲಿಕೆಗೆ ಅದು ಸಂಬಂಧವಿಲ್ಲ. ಹಾಗಾಗಿ ನಮ್ಮ ಮಕ್ಕಳು ಬೆಂಗಳೂರಿನ ಜಕ್ಕೂರು, ಮೈಸೂರು, ಕಲಬುರಗಿ, ಬೆಳಗಾವಿ ಅಥವಾ ಹೊರ ರಾಜ್ಯಕ್ಕೆ ಹೋಗಲೇಬೇಕು. ಒಂದೊಂದು ಜಾಗದ ಗಲಾಟೆ ಒಂದೊಂದು ಥರ. ಜಕ್ಕೂರಿಗೆ ಊರು ಸುತ್ತುವರಿದಿದೆ, ಪಕ್ಕದಲ್ಲೇ ಯಲಹಂಕದ ವಾಯುಪಡೆ ನೆಲೆ. ಬೆಳಗಾವಿಯಲ್ಲಿ ಪ್ರಯಾಣಿಕರ ದೊಡ್ಡ ವಿಮಾನಗಳೂ ಅದೇ ರನ್‌ವೇಗೆ ಬರುತ್ತವೆ.

ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ ಬಹಳಷ್ಟು ಸಮಯ ಇದೇ ಒಂದು ರನ್‌ವೇ ಸುತ್ತಮುತ್ತ ಕಳೆಯುತ್ತದೆ. ಅದಕ್ಕೇ ಹೇಳುವುದು, ಸ್ಕೂಲಿನ ಕಚೇರಿಯ ಸೋಫಾದಲ್ಲಿ ಕೂತು ತೀರ್ಮಾನ ಮಾಡಬೇಡಿ. ಬೆಳಗ್ಗೆ ಆರೂವರೆಗೆ ಹೋಗಿ, ಬೇಲಿ ಹೊರಗೆ ಎಲ್ಲಾದರೂ ನಿಂತು ಎಣಿಸಿ. ಹೊತ್ತೇರಿದಂತೆ ಬಿಸಿಲಿಗೆ ಗಾಳಿ ಕುದಿಯುತ್ತದೆ, ವಿಮಾನ ಅಲುಗಾಡುತ್ತದೆ. ಹಾಗಾಗಿ ಎಲ್ಲರಿಗೂ ಬೆಳಗಿನ ಹೊತ್ತೇ ಬೇಕು, ಜನಜಂಗುಳಿ ಆಗುವುದೂ ಆಗಲೇ. ಒಂದೇ ಹೊತ್ತಿಗೆ ಎಷ್ಟು ವಿಮಾನ ಸುತ್ತುತ್ತಿವೆ? ಒಂದು ಇಳಿದು ರನ್‌ವೇ ಬಿಡುವ ಮೊದಲೇ ಇನ್ನೊಂದು ತೀರಾ ಹತ್ತಿರ ಬರುತ್ತಿದೆಯಾ? ಇಳಿಯಲು ಬಂದದ್ದು ಇಳಿಯದೆ ಮತ್ತೆ ಮೇಲಕ್ಕೆ ಹೋದದ್ದು ಕಂಡಿತಾ? ಕಂಡರೆ ಹೆದರಬೇಡಿ, ಅದು ಒಳ್ಳೆಯ ಲಕ್ಷಣ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಮೇಲೆ ಒಳಗೆ ಹೋಗಿ ಮುಖ್ಯ ಇನ್‌ಸ್ಟ್ರಕ್ಟರ್ ಹತ್ತಿರ ನೇರವಾಗಿ ಕೇಳಿ: "ಸರ್, ಒಂದೇ ಹೊತ್ತಿಗೆ ಸರ್ಕ್ಯೂಟ್‌ನಲ್ಲಿ ಹೆಚ್ಚೆಂದರೆ ಎಷ್ಟು ವಿಮಾನ ಬಿಡ್ತೀರಿ? ಈ ರನ್‌ವೇನ ಎಷ್ಟು ಸ್ಕೂಲುಗಳು ಬಳಸ್ತವೆ? ಒಬ್ಬೊಬ್ಬರೇ ಹಾರುವ ಹೊಸ ಮಕ್ಕಳನ್ನ ಯಾವ ಹೊತ್ತಲ್ಲಿ ಬಿಡ್ತೀರಿ?" (ಸರ್ಕ್ಯೂಟ್ ಎಂದರೆ ರನ್‌ವೇ ಸುತ್ತ ವಿಮಾನಗಳು ತಿರುಗುವ ದಾರಿ, ಮುಂದೆ ವಿವರಿಸುತ್ತೇನೆ.) ಮೊದಲ ಪ್ರಶ್ನೆಗೆ ಉತ್ತರ ಒಂದು ಸಂಖ್ಯೆ ಆಗಿರಬೇಕು. "ಅದೆಲ್ಲ ಟವರ್‌ನವರು ನೋಡ್ಕೋತಾರೆ" ಎಂದರೆ ಆ ಸ್ಕೂಲಿನ ಬಗ್ಗೆ ನನಗೆ ಅನುಮಾನ ಬರುತ್ತದೆ. ಟವರ್, ಅಂದರೆ ರೇಡಿಯೋದಲ್ಲಿ ವಿಮಾನಗಳಿಗೆ ಅನುಮತಿ ಕೊಡುವ ನಿಲ್ದಾಣದ ನಿಯಂತ್ರಣ ಗೋಪುರ, ಇರುವುದು ದೊಡ್ಡ ಆಸರೆ ನಿಜ. ರನ್‌ವೇ ಮೇಲೆ ಯಾರು ಇರಬೇಕು ಅಂತ ಅವರೇ ಹೇಳುತ್ತಾರೆ. ಆದರೆ ಕಣ್ಣಿನಿಂದ ನೋಡಿ ಹಾರುವಾಗ ಅವರು ಕೊಡುವುದು ಮುಖ್ಯವಾಗಿ ಮಾಹಿತಿ: ನಿಮ್ಮ ಮುಂದೆ ಇಂಥ ವಿಮಾನ ಇದೆ, ನೋಡಿಕೊಳ್ಳಿ ಅಂತ. ನೋಡಿ ದೂರ ಇರುವ ಕೆಲಸ ಪೈಲಟ್‌ದೇ.

2025ರ ಅಕ್ಟೋಬರ್‌ನಿಂದ ಡಿಜಿಸಿಎ, ಅಂದರೆ ನಮ್ಮ ದೇಶದ ವಿಮಾನಯಾನ ನಿಯಂತ್ರಣ ಇಲಾಖೆ, ಫ್ಲೈಯಿಂಗ್ ಸ್ಕೂಲುಗಳಿಗೆ ವರ್ಷಕ್ಕೆ ಎರಡು ಸಲ ದರ್ಜೆ ಕೊಡಲು ಶುರು ಮಾಡಿದೆ. ಅದನ್ನೂ ನೋಡಿ. ಅದನ್ನು ನೋಡಿದ ಮೇಲೂ ಬೇಲಿ ಹತ್ತಿರ ನಿಲ್ಲುವುದನ್ನು ಬಿಡಬೇಡಿ.

ಹೆಜ್ಜೆ 2: ಸರ್ಕ್ಯೂಟನ್ನು ಮೈದಾನದಲ್ಲಿ ನಡೆದು ಕಲಿಯಿರಿ

ಕಣದಲ್ಲಿ ಮೇಟಿ ಸುತ್ತ ಎತ್ತು ತಿರುಗಿಸುವುದನ್ನು ನೋಡಿದ್ದೀರಾ? ಎಲ್ಲ ಎತ್ತೂ ಒಂದೇ ಕಡೆಗೆ ತಿರುಗುತ್ತವೆ. ರನ್‌ವೇ ಸುತ್ತ ವಿಮಾನಗಳು ತಿರುಗುವುದೂ ಹಾಗೆಯೇ, ಒಂದರ ಹಿಂದೆ ಒಂದು. ಅದಕ್ಕೆ ಸರ್ಕ್ಯೂಟ್ ಎನ್ನುತ್ತಾರೆ. ಸಾಮಾನ್ಯವಾಗಿ ಎಡಕ್ಕೆ ತಿರುಗುವುದು, ನೆಲದಿಂದ ಸುಮಾರು 1000 ಅಡಿ ಎತ್ತರದಲ್ಲಿ. ಪೈಲಟ್ ಕೂರುವುದು ಎಡಗಡೆ, ಹಾಗಾಗಿ ಎಡಕ್ಕೆ ತಿರುಗಿದರೆ ರನ್‌ವೇ ಚೆನ್ನಾಗಿ ಕಾಣುತ್ತದೆ.

ಒಂದು ಉದಾಹರಣೆ. ರನ್‌ವೇ 27 ಎಂದಿಟ್ಟುಕೊಳ್ಳಿ. 27 ಎಂದರೆ ದಿಕ್ಸೂಚಿಯ 270 ಡಿಗ್ರಿ, ಅಂದರೆ ಪಶ್ಚಿಮ. ಪಶ್ಚಿಮಕ್ಕೆ ಏರುತ್ತೀರಿ, ಅದು ಅಪ್‌ವಿಂಡ್. ಎಡಕ್ಕೆ, ಅಂದರೆ ದಕ್ಷಿಣಕ್ಕೆ ತಿರುಗಿದರೆ ಕ್ರಾಸ್‌ವಿಂಡ್. ಮತ್ತೆ ಎಡಕ್ಕೆ ತಿರುಗಿ ರನ್‌ವೇ ಪಕ್ಕದಲ್ಲೇ ಪೂರ್ವಕ್ಕೆ ಹೋಗುವುದು ಡೌನ್‌ವಿಂಡ್. ಅಲ್ಲಿಂದ ಉತ್ತರಕ್ಕೆ ಬೇಸ್. ಕೊನೆಗೆ ಪಶ್ಚಿಮಕ್ಕೆ ಮುಖ ಮಾಡಿ ರನ್‌ವೇ ನೇರಕ್ಕೆ ಬಂದರೆ ಫೈನಲ್.

ಪುಸ್ತಕದಲ್ಲಿ ಇದನ್ನು ಓದಿದರೆ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ, ಹತ್ತು ದಿನದಲ್ಲಿ ಮರೆತುಹೋಗುತ್ತದೆ. ನಾನು ರಜೆಗೆ ಬಂದಾಗ ಇಲ್ಲಿನ ಹುಡುಗ ಹುಡುಗಿಯರನ್ನು ಹೈಸ್ಕೂಲ್ ಮೈದಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಸುಣ್ಣದ ಪುಡಿಯಲ್ಲಿ ರನ್‌ವೇ ಎಳೆಯುತ್ತೇವೆ. ನಾಲ್ಕು ಜನ ನಾಲ್ಕು ವಿಮಾನ. ಸುತ್ತ ನಡೆಯುತ್ತಾ ಪ್ರತಿ ತಿರುವಿನಲ್ಲೂ ತಾವು ಎಲ್ಲಿದ್ದೇವೆ ಎಂದು ಜೋರಾಗಿ ಹೇಳಬೇಕು.

ಮೊದಲ ಐದು ನಿಮಿಷ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಒಬ್ಬನಿಗೆ ಬೇಗ ನಡೆಯಲು ಹೇಳುತ್ತೇನೆ. ಎರಡು ಎಂಜಿನ್ನಿನ ವಿಮಾನ ಒಂದು ಸಣ್ಣ ಸೆಸ್ನಾ ಹಿಂದೆ ಬಂದ ಹಾಗೆ. ಎರಡನೇ ಸುತ್ತಿಗೇ ಅವನು ಮುಂದಿನವನ ಬೆನ್ನಿಗೆ ಬಂದಿರುತ್ತಾನೆ. ಆಗ ಏನು ಮಾಡುತ್ತಾನೆ ನೋಡಬೇಕು. ಬಹಳ ಮಕ್ಕಳು ಒಳಗಿನಿಂದ ಅಡ್ಡ ಹೊಡೆದು ಮೊದಲೇ ತಿರುಗುತ್ತಾರೆ. ಪಿ.ಬಿ. ರಸ್ತೆಯಲ್ಲಿ ಬೈಕ್ ನುಗ್ಗಿಸಿದ ರೂಢಿ. ಸರ್ಕ್ಯೂಟ್‌ನಲ್ಲಿ ಅದೇ ಅಪಾಯ. ಮುಂದಿರುವ ವಿಮಾನ ನಿಮ್ಮನ್ನು ದಾಟಿ ಎದುರು ದಿಕ್ಕಿಗೆ ಹೋಗುವುದು ಕಣ್ಣಿಗೆ ಕಾಣುವವರೆಗೂ ಡೌನ್‌ವಿಂಡ್‌ನಿಂದ ತಿರುಗಬೇಡಿ. ಬೇಕಾದರೆ ವೇಗ ಕಡಿಮೆ ಮಾಡಿ. ಡೌನ್‌ವಿಂಡ್ ಉದ್ದ ಮಾಡಬೇಕಾದರೆ ಟವರ್‌ಗೆ ಹೇಳಿ ಮಾಡಿ. ಅವರು ನಿಮ್ಮ ಹಿಂದಿನವರಿಗೂ ಹೇಳಬೇಕಲ್ವಾ?

ಇದನ್ನು ನಾಲ್ಕೈದು ದಿನ ನಡೆದವರು ಸ್ಕೂಲಿಗೆ ಹೋದ ಮೇಲೆ, ಯಾರು ಎಲ್ಲಿದ್ದಾರೆ ಎಂಬ ಚಿತ್ರ ತಲೆಯಲ್ಲಿ ತಾನಾಗಿಯೇ ಮೂಡುತ್ತದೆ. ಆ ಚಿತ್ರವೇ ನಿಮ್ಮನ್ನು ಕಾಯುವುದು.

ಹೆಜ್ಜೆ 3: ನೋಡುವುದನ್ನು ಕಲಿಯಿರಿ

ಸೆಸ್ನಾ 172ರ ಎರಡು ರೆಕ್ಕೆ ಸೇರಿ ಸುಮಾರು 11 ಮೀಟರ್ ಅಗಲ. ಸರ್ಕ್ಯೂಟ್‌ನಲ್ಲಿ 90 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 167 ಕಿಲೋಮೀಟರ್. ಅಂಥ ಎರಡು ವಿಮಾನ ಎದುರುಬದುರು ಬಂದರೆ ಸೆಕೆಂಡಿಗೆ 92 ಮೀಟರ್‌ನಷ್ಟು ಹತ್ತಿರವಾಗುತ್ತವೆ. ಇನ್ನೊಂದು ವಿಮಾನ ಕಣ್ಣಿಗೆ ಬಿದ್ದು, ಅದು ವಿಮಾನ ಎಂದು ಗೊತ್ತಾಗಿ, ಡಿಕ್ಕಿಯಾಗುತ್ತದೆ ಎಂದು ತಿಳಿದು, ಕೈ ಆಡಿಸಿ, ವಿಮಾನ ನಿಜವಾಗಿ ತಿರುಗುವುದಕ್ಕೆ ಎಲ್ಲ ಸೇರಿ ಸುಮಾರು 12.5 ಸೆಕೆಂಡ್ ಬೇಕು ಎಂದು ಅಮೆರಿಕದ ವಿಮಾನಯಾನ ಇಲಾಖೆಯ ಲೆಕ್ಕ. ಅಷ್ಟರಲ್ಲಿ 1150 ಮೀಟರ್ ಮುಗಿದಿರುತ್ತದೆ. ಅಷ್ಟು ದೂರದಿಂದ ಆ ವಿಮಾನ ಎಷ್ಟು ದೊಡ್ಡದಾಗಿ ಕಾಣುತ್ತದೆ ಗೊತ್ತಾ? ಒಂದು ಸೆಂಟಿಮೀಟರ್ ದಾರದ ತುಂಡನ್ನು ಒಂದು ಮೀಟರ್ ದೂರ ಹಿಡಿದರೆ ಕಾಣುವಷ್ಟು. ಮನೆಯಲ್ಲಿ ಒಮ್ಮೆ ಹಿಡಿದು ನೋಡಿ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ನಿಮಗೆ ಬಡಿಯಲಿರುವ ವಿಮಾನ ಗಾಜಿನ ಮೇಲೆ ಸರಿದಾಡುವುದಿಲ್ಲ. ಒಂದೇ ಜಾಗದಲ್ಲಿ ಚುಕ್ಕೆಯಂತೆ ನಿಂತಿರುತ್ತದೆ. ಕೊನೆಯ ಕೆಲವೇ ಸೆಕೆಂಡಿನಲ್ಲಿ ದಿಢೀರನೆ ದೊಡ್ಡದಾಗುತ್ತದೆ. ಹಳ್ಳಿ ರಸ್ತೆಯಿಂದ ಬೈಕಿನಲ್ಲಿ ಹೈವೇ ಕಡೆ ಬರುವಾಗ ನೆನಪಿಸಿಕೊಳ್ಳಿ. ಹರಿಹರದ ಕಡೆಯಿಂದ ಬರುವ ಲಾರಿ ನಿಮ್ಮ ಕಣ್ಣಿಗೆ ಹಿಂದಕ್ಕೆ ಸರಿದರೆ ನೀವು ಮೊದಲು ದಾಟುತ್ತೀರಿ. ಮುಂದಕ್ಕೆ ಸರಿದರೆ ಲಾರಿ ಮೊದಲು ದಾಟುತ್ತದೆ. ಎರಡೂ ಇಲ್ಲದೆ ಅಲ್ಲೇ ನಿಂತಂತೆ ಕಂಡರೆ ಇಬ್ಬರೂ ಒಂದೇ ಹೊತ್ತಿಗೆ ಕೂಡುರಸ್ತೆಗೆ ಬರುತ್ತೀರಿ. ಆಕಾಶದಲ್ಲೂ ಇದೇ ಲೆಕ್ಕ. ನಮ್ಮ ಕಣ್ಣು ಅಲುಗಾಡುವುದನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಬಿಟ್ಟುಬಿಡುತ್ತದೆ. ಅದಕ್ಕೇ ಅಭ್ಯಾಸ ಬೇಕು.

ಅಭ್ಯಾಸ ಹೀಗೆ. ಎಡದಿಂದ ಬಲಕ್ಕೆ ಕಣ್ಣನ್ನು ಒಂದೇ ಸಮನೆ ಎಳೆಯಬೇಡಿ, ಆಗ ಏನೂ ಕಾಣುವುದಿಲ್ಲ. ಆಕಾಶವನ್ನು ಹತ್ತು ಹತ್ತು ಡಿಗ್ರಿಯ ತುಂಡು ಮಾಡಿ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಒಂದೊಂದು ತುಂಡಿನಲ್ಲೂ ಒಂದು ಸೆಕೆಂಡಾದರೂ ಕಣ್ಣು ನಿಲ್ಲಿಸಿ. ನಡುನಡುವೆ ತಲೆಯನ್ನು ಮುಂದೆ ಹಿಂದೆ ಆಡಿಸಿ, ಗಾಜಿನ ಪಕ್ಕದ ಕಂಬದ ಹಿಂದೆ ಒಂದು ವಿಮಾನವೇ ಅಡಗಿರಬಹುದು. ಮೀಟರ್‌ಗಳನ್ನು ನೋಡಿ ಕಣ್ಣು ಹೊರಗೆ ಹಾಕಿದಾಗ ದೂರಕ್ಕೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು, ಅದನ್ನೂ ಕೊಡಿ. ಚಳಿಗಾಲದ ಮಂಜು ಮುಸುಕಿದ ಬೆಳಗ್ಗೆ ಲ್ಯಾಂಡಿಂಗ್ ಲೈಟ್ ಹಾಕಿಕೊಂಡೇ ಸುತ್ತಿ. ನೀವು ಕಾಣುವುದೂ ಅಷ್ಟೇ ಮುಖ್ಯ.

ನಿಮ್ಮ ವಿಮಾನಕ್ಕೆ ಯಾವ ಕಡೆ ಕಣ್ಣಿಲ್ಲ ಎಂದು ತಿಳಿದಿರಿ. ಸೆಸ್ನಾದಂಥ ವಿಮಾನಕ್ಕೆ ರೆಕ್ಕೆ ತಲೆ ಮೇಲೆ ಇರುತ್ತದೆ. ಕೆಳಗೆ ಚೆನ್ನಾಗಿ ಕಾಣುತ್ತದೆ, ಮೇಲೆ ಕುರುಡು. ತಿರುಗುವಾಗ ರೆಕ್ಕೆ ಇಳಿದು, ತಿರುಗುವ ಕಡೆಯನ್ನೇ ಮುಚ್ಚುತ್ತದೆ. ತಿರುಗುವ ಮೊದಲು ಆ ರೆಕ್ಕೆಯನ್ನು ಒಂದಿಷ್ಟು ಎತ್ತಿ ನೋಡಿ. ಪೈಪರ್, ಡೈಮಂಡ್ ವಿಮಾನಗಳಿಗೆ ರೆಕ್ಕೆ ಕೆಳಗೆ. ಅವುಗಳಿಗೆ ಮೇಲೆ ಕಾಣುತ್ತದೆ, ಕೆಳಗೆ ಕುರುಡು. ಈಗ ಯೋಚಿಸಿ. ಮೇಲೆ ಡೈಮಂಡ್, ಕೆಳಗೆ ಸೆಸ್ನಾ, ಇಬ್ಬರೂ ಒಂದೇ ರನ್‌ವೇಗೆ ಇಳಿಯುತ್ತಿದ್ದಾರೆ. ಇಬ್ಬರಿಗೂ ಇನ್ನೊಬ್ಬರು ಕಾಣುವುದಿಲ್ಲ.

ಕೆಲವು ವಿಮಾನಗಳಲ್ಲಿ ಸುತ್ತಲಿನ ವಿಮಾನಗಳನ್ನು ತೋರಿಸುವ ಪರದೆ ಇರುತ್ತದೆ. ಇದ್ದರೆ ಒಳ್ಳೆಯದೇ. ಆದರೆ ಟ್ರಾನ್ಸ್‌ಪಾಂಡರ್ (ವಿಮಾನದ ಗುರುತು ತಿಳಿಸುವ ರೇಡಿಯೋ ಸಂಕೇತ ಕಳಿಸುವ ಉಪಕರಣ) ಹಾಕಿರದ ವಿಮಾನ ಅದರಲ್ಲಿ ಕಾಣುವುದಿಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಅದಾದ ಮೇಲೆ ನಮ್ಮ ದೇಶದಲ್ಲಿ ದೊಡ್ಡ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಯಿತು. ನೀವು ಕಲಿಯುವ ಸಣ್ಣ ವಿಮಾನದಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ನಿಮ್ಮ ಕಣ್ಣೇ ಉಪಕರಣ.

ಇನ್ನು ದಾರಿ ಬಿಡುವ ನಿಯಮ, ಚುಟುಕಾಗಿ. ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಅಡ್ಡ ಬಂದರೆ, ಯಾರ ಬಲಗಡೆ ಇನ್ನೊಬ್ಬ ಇದ್ದಾನೋ ಅವರು ಬಿಟ್ಟುಕೊಡಬೇಕು. ಇಳಿಯುವಾಗ ಕೆಳಗಿರುವವರಿಗೆ ಮೊದಲ ಹಕ್ಕು, ಆದರೆ ಆ ಹಕ್ಕು ಬಳಸಿ ಯಾರ ಮುಂದೆಯೂ ನುಗ್ಗುವಂತಿಲ್ಲ.

ಹೆಜ್ಜೆ 4: ರೇಡಿಯೋದಲ್ಲಿ ಮೊದಲು ಕೇಳಿ, ಆಮೇಲೆ ಮಾತಾಡಿ

ನಮ್ಮ ಕಡೆಯ ಮಕ್ಕಳು ಹೆಚ್ಚು ಕಷ್ಟಪಡುವುದು ಇಲ್ಲೇ. ಲೆಕ್ಕದಲ್ಲಿ ಚುರುಕು, ಕೈ ಚಳಕ ಚೆನ್ನಾಗಿರುತ್ತದೆ. ರೇಡಿಯೋದಲ್ಲಿ ಯಾರೋ ಬೇರೆ ರಾಜ್ಯದವರು ಪಟಪಟ ಇಂಗ್ಲಿಷ್ ಹೇಳಿದರೆ ಬಾಯಿ ಕಟ್ಟುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಂತೂ ಅರ್ಥವಾಗದಿದ್ದರೂ "ರೋಜರ್", ಅಂದರೆ ಕೇಳಿಸಿಕೊಂಡೆ, ಎಂದು ಹೇಳಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. "ಸೇ ಅಗೇನ್" ಎಂದು ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ. ಇಪ್ಪತ್ತು ಸಾವಿರ ಗಂಟೆ ಹಾರಿದವರೂ ಕೇಳುತ್ತಾರೆ. ಎರಡು ಸಲ ಕೇಳಿದರೂ ತಿಳಿಯದಿದ್ದರೆ "ಸ್ಟೂಡೆಂಟ್ ಪೈಲಟ್" ಎಂದು ಸೇರಿಸಿ. ಟವರ್‌ನವರು ನಿಧಾನ ಮಾಡುತ್ತಾರೆ.

ಮಾತಾಡುವ ಕ್ರಮ ಸರಳ: ಯಾರನ್ನು ಕರೆಯುತ್ತಿದ್ದೀರಿ, ನೀವು ಯಾರು, ಎಲ್ಲಿದ್ದೀರಿ, ಏನು ಮಾಡಬೇಕೆಂದಿದ್ದೀರಿ. ಬಟನ್ ಒತ್ತುವ ಮೊದಲು ಎರಡು ಸೆಕೆಂಡ್ ಕಿವಿಗೊಡಿ. ಒಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ ಅಂದರೆ ಕಾಯಿರಿ. ಇಬ್ಬರು ಒಟ್ಟಿಗೆ ಒತ್ತಿದರೆ ಕೀರಲು ಸದ್ದು ಬಿಟ್ಟು ಏನೂ ಕೇಳುವುದಿಲ್ಲ. 1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಮಂಜಿನಲ್ಲಿ ಡಿಕ್ಕಿಯಾಗಿ 583 ಜನ ಸತ್ತರು. ಅಲ್ಲಿ ಆದ ಹಲವು ತಪ್ಪುಗಳಲ್ಲಿ ಇದೂ ಒಂದು. ಇಬ್ಬರು ಒಂದೇ ಹೊತ್ತಿಗೆ ಮಾತಾಡಿದ್ದರಿಂದ, ಕೇಳಲೇಬೇಕಾಗಿದ್ದ ಮಾತು ಕೇಳಲಿಲ್ಲ. ಇನ್ನೊಂದು, ಟೇಕಾಫ್‌ಗೆ ಅನುಮತಿ ಸಿಗದೆಯೇ ಒಂದು ವಿಮಾನ ಓಡತೊಡಗಿತು. ಅವತ್ತಿನಿಂದ "ಟೇಕಾಫ್" ಎಂಬ ಪದವನ್ನು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸುತ್ತಾರೆ. ಉಳಿದ ಕಡೆ "ಡಿಪಾರ್ಚರ್" ಎನ್ನುತ್ತಾರೆ. "ಲೈನ್ ಅಪ್ ಅಂಡ್ ವೇಟ್" ಎಂದರೆ ರನ್‌ವೇ ಮೇಲೆ ಬಂದು ನಿಲ್ಲಿ, ಅಷ್ಟೇ.

ಇಳಿಯಲು, ಏರಲು, ರನ್‌ವೇ ದಾಟಲು, ಹೊರಗೇ ಕಾಯಲು ಹೇಳಿದ ಪ್ರತಿ ಮಾತನ್ನೂ ರನ್‌ವೇ ನಂಬರ್ ಸಮೇತ ತಿರುಗಿ ಹೇಳಬೇಕು. ಇದೇ ರೀಡ್‌ಬ್ಯಾಕ್. ತಪ್ಪು ಕೇಳಿಸಿಕೊಂಡಿದ್ದರೆ ಟವರ್‌ಗೆ ಅಲ್ಲೇ ಗೊತ್ತಾಗುತ್ತದೆ. ಒಂದೇ ಸ್ಕೂಲಿನ ವಿಮಾನಗಳ ಕಾಲ್ ಸೈನ್‌ಗಳು, ಅಂದರೆ ರೇಡಿಯೋದಲ್ಲಿ ಕರೆಯುವ ಹೆಸರುಗಳು, ಕೆಲವೊಮ್ಮೆ ಅಣ್ಣ ತಮ್ಮಂದಿರ ಹೆಸರಿನ ಹಾಗೆ ಇರುತ್ತವೆ, ಕೊನೆಯ ಒಂದಕ್ಷರ ಬೇರೆ ಅಷ್ಟೇ. ಬೇರೆಯವರಿಗೆ ಕೊಟ್ಟ ಅನುಮತಿಯನ್ನು ನಿಮ್ಮದೆಂದು ತಿಳಿದರೆ ಕಥೆ ಮುಗಿಯಿತು. ಹಾರುವ ಮೊದಲು ಬೋರ್ಡಿನಲ್ಲಿ ಅವತ್ತು ಯಾವ ಯಾವ ವಿಮಾನ ಮೇಲಿರುತ್ತದೆ ನೋಡಿ, ನಿಮ್ಮದನ್ನು ಹೋಲುವುದನ್ನು ಮಂಡಿ ಮೇಲಿನ ಹಾಳೆಯಲ್ಲಿ ಬರೆದುಕೊಳ್ಳಿ.

ಊರಲ್ಲಿದ್ದಾಗ ಅಡುಗೆ ಮನೆಯಲ್ಲೇ ಅಭ್ಯಾಸ ಮಾಡಬಹುದು. ತಂಗಿ ಟವರ್ ಆಗಲಿ. ನೀವು ತಿರುಗಿ ಹೇಳಿ. ಅವಳು ಬೇಕೆಂದೇ ನಂಬರ್ ತಪ್ಪಿಸಲಿ, ನೀವು ಹಿಡಿಯಬೇಕು.

ಹೆಜ್ಜೆ 5: ಹಳದಿ ಗೆರೆಯಲ್ಲಿ ನಿಲ್ಲಿ

ಟ್ಯಾಕ್ಸಿವೇಯಿಂದ, ಅಂದರೆ ವಿಮಾನ ನೆಲದ ಮೇಲೆ ಓಡಾಡುವ ದಾರಿಯಿಂದ, ರನ್‌ವೇಗೆ ಹೋಗುವಲ್ಲಿ ನೆಲದ ಮೇಲೆ ನಾಲ್ಕು ಹಳದಿ ಗೆರೆ ಇರುತ್ತವೆ. ನಿಮ್ಮ ಕಡೆ ಎರಡು ಪೂರ್ತಿ ಗೆರೆ, ರನ್‌ವೇ ಕಡೆ ಎರಡು ತುಂಡು ಗೆರೆ. ಪಕ್ಕದಲ್ಲಿ ಕೆಂಪು ಫಲಕದ ಮೇಲೆ ಬಿಳಿ ನಂಬರ್. ಅನುಮತಿ ಇಲ್ಲದೆ ಆ ಪೂರ್ತಿ ಗೆರೆಯನ್ನು ಮುಂದಿನ ಚಕ್ರವೂ ದಾಟಬಾರದು. ಅನುಮತಿ ಸಿಕ್ಕ ಮೇಲೂ ಫೈನಲ್ ಕಡೆ ಒಮ್ಮೆ ನೋಡಿ, ರನ್‌ವೇಯ ಇನ್ನೊಂದು ತುದಿಯನ್ನೂ ನೋಡಿ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ತೆರೆದಿದ್ದರೂ ನಮ್ಮ ಹಿರಿಯರು ಎರಡೂ ಕಡೆ ನೋಡಿಯೇ ದಾಟುತ್ತಿದ್ದರಲ್ಲ, ಹಾಗೆ.

ಪ್ರಯಾಣಿಕರ ವಿಮಾನ ಏರಿದ ಹಿಂದೆಯೇ ನೀವು ಏರಬೇಕಾದರೆ ಎರಡು ನಿಮಿಷ ಕಾಯಬೇಕು. ರನ್‌ವೇ ನಡುವಿನಿಂದ ಏರುವುದಾದರೆ ಮೂರು ನಿಮಿಷ. ಅದರ ರೆಕ್ಕೆಯ ತುದಿಯಿಂದ ಹೊರಟ ಸುಳಿಗಾಳಿ ಸಣ್ಣ ವಿಮಾನವನ್ನು ಮಗುಚಿ ಹಾಕಬಲ್ಲದು. ಹಿಂದೆ ಸಾಲಿನಲ್ಲಿ ಎಷ್ಟು ಜನ ಕಾಯುತ್ತಿದ್ದರೂ ಕಾಯಲಿ.

ಹೆಜ್ಜೆ 6: ಫೈನಲ್‌ನಲ್ಲಿ ಅನುಮಾನ ಬಂದರೆ ಇಳಿಯಬೇಡಿ

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ನಾನು ಕಲಿಯುತ್ತಿದ್ದ ಕಾಲ, ಡಿಸೆಂಬರ್ ತಿಂಗಳ ಬೆಳಗ್ಗೆ. ಒಬ್ಬನೇ ಸರ್ಕ್ಯೂಟ್ ಹೊಡೆಯುತ್ತಿದ್ದೆ. ಸಣ್ಣ ಸೆಸ್ನಾ. ಇಳಿಯಲು ಅನುಮತಿ ಸಿಕ್ಕಿತ್ತು. ಪಶ್ಚಿಮಕ್ಕೆ ಮುಖ ಮಾಡಿ ಫೈನಲ್‌ನಲ್ಲಿದ್ದೆ, ಸೂರ್ಯ ಎಡಬೆನ್ನಿಗೆ. ಬಲಗಡೆಯ ಹೊಲದ ಮೇಲೆ ನನ್ನ ವಿಮಾನದ ನೆರಳು ಓಡುತ್ತಿತ್ತು. ಅದನ್ನು ನೋಡುವುದು ನನಗೆ ಇಷ್ಟವಾಗಿತ್ತು. ನೋಡುತ್ತಿದ್ದ ಹಾಗೇ ನನ್ನ ನೆರಳಿನ ಪಕ್ಕ ಇನ್ನೊಂದು ನೆರಳು ಬಂತು. ಎರಡೂ ಹತ್ತಿರವಾಗುತ್ತಿದ್ದವು.

ಮೇಲೆ ನೋಡಿದರೆ ರೆಕ್ಕೆ ಬಿಟ್ಟು ಏನೂ ಕಾಣಲಿಲ್ಲ. ರೂಢಿಯಂತೆ ಮೂತಿ ಎತ್ತಿ ಮೇಲಕ್ಕೆ ಹೋಗಿದ್ದರೆ ನೇರ ಮೇಲಿದ್ದ ವಿಮಾನದ ಹೊಟ್ಟೆಗೆ ಹೋಗುತ್ತಿದ್ದೆ. ಏನನ್ನಿಸಿತೋ, ಎತ್ತರ ಬಿಡದೆ ಮೊದಲು ಬಲಕ್ಕೆ ಸರಿದೆ. ಆಗ ಕಂಡ. ಕೆಳಗೆ ರೆಕ್ಕೆ ಇರುವ ವಿಮಾನ. ಅವನ ಚಕ್ರಗಳ ಟಯರ್ ಮೇಲಿನ ಗೀಟು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅವನಿಗೆ ನಾನು ಕಂಡೇ ಇರಲಿಲ್ಲ. ಟವರ್ ನನಗೆ ಕೊಟ್ಟ ಅನುಮತಿಯನ್ನು ಅವನು ತನ್ನದೆಂದುಕೊಂಡಿದ್ದ.

ಅವತ್ತಿನಿಂದ ನನ್ನ ಎಲ್ಲ ವಿದ್ಯಾರ್ಥಿಗಳಿಗೂ ಒಂದು ಮಾತು ಹೇಳುತ್ತೇನೆ. ಬೇಸ್‌ನಿಂದ ಫೈನಲ್‌ಗೆ ತಿರುಗುವ ಮೊದಲು ಬಲಕ್ಕೂ ನೋಡಿ, ದೂರದಿಂದ ನೇರ ಬರುತ್ತಿರುವವರು ಇದ್ದಾರಾ ಅಂತ. ನಿಮ್ಮ ಮುಂದಿನವನು ಎಲ್ಲಿ ಎಂದು ಗೊತ್ತಿಲ್ಲದಿದ್ದರೆ ಟವರ್‌ಗೆ ಕೇಳಿ. ರನ್‌ವೇ ಮೇಲೆ ಯಾರಾದರೂ ಇದ್ದರೆ, ಎರಡು ಸಲ ನೆಲಕ್ಕೆ ಬಡಿದು ಪುಟಿದರೆ, ಏನೋ ಸರಿಯಿಲ್ಲ ಅನ್ನಿಸಿದರೂ ಸಾಕು, ಗೋ ಅರೌಂಡ್ ಮಾಡಿ, ಅಂದರೆ ಇಳಿಯದೆ ಮತ್ತೆ ಮೇಲಕ್ಕೆ ಹೋಗಿ. ಪೂರ್ತಿ ಪವರ್, ಮೂತಿ ಮೇಲೆ, ವೇಗ ನೋಡಿ, ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂದೆ ಚಾಚುವ ಹಲಗೆ) ಹಂತ ಹಂತವಾಗಿ ಒಳಗೆ. ರೇಡಿಯೋ ಆಮೇಲೆ. ಮೊದಲು ವಿಮಾನ ಹಾರಿಸಿ, ಆಮೇಲೆ ದಾರಿ ನೋಡಿ, ಕೊನೆಗೆ ಮಾತಾಡಿ. ರನ್‌ವೇ ಮೇಲಿನವರು ಏರುತ್ತಿದ್ದರೆ ಸರ್ಕ್ಯೂಟ್ ಇಲ್ಲದ ಪಕ್ಕಕ್ಕೆ ಸ್ವಲ್ಪ ಸರಿದುಕೊಳ್ಳಿ, ಅವರು ನಿಮಗೆ ಕಾಣುವ ಹಾಗೆ.

ಬೇಲಿ ಹತ್ತಿರ ನಿಂತಾಗ ಇಳಿಯದೆ ಮೇಲಕ್ಕೆ ಹೋಗುವ ವಿಮಾನ ಕಂಡರೆ ಒಳ್ಳೆಯ ಲಕ್ಷಣ ಎಂದಿದ್ದು ಇದಕ್ಕೇ. ಗೋ ಅರೌಂಡ್ ಮಾಡಿದ ಹುಡುಗನನ್ನು ಬೈಯದ ಸ್ಕೂಲು ಅದು.

ಫೈನಲ್ ನೇರ ತಪ್ಪಿ ದಾಟಿಹೋದರೆ ಗಕ್ಕನೆ ತಿರುಗಿಸಿ ಸರಿಮಾಡಲು ಹೋಗಬೇಡಿ. 60 ಡಿಗ್ರಿ ವಾಲಿಸಿ ಎತ್ತರ ಬಿಡದೆ ತಿರುಗಿದರೆ ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ, ವೇಗ ಶೇಕಡಾ 41ರಷ್ಟು ಏರುತ್ತದೆ. 50 ನಾಟ್‌ಗೆ ಸ್ಟಾಲ್ ಆಗುವುದು 70ಕ್ಕೇ ಆಗುತ್ತದೆ. ನೀವು ಆಗ ಹಾರುತ್ತಿರುವುದೂ ಹೆಚ್ಚು ಕಡಿಮೆ ಅಷ್ಟೇ ವೇಗದಲ್ಲಿ, ನೆಲ ಕೆಲವೇ ನೂರು ಅಡಿ ಕೆಳಗೆ. ಇದಕ್ಕೂ ಮದ್ದು ಗೋ ಅರೌಂಡ್.

ಹೆಜ್ಜೆ 7: ರೇಡಿಯೋ ಕೈಕೊಟ್ಟರೆ

ಟ್ರಾನ್ಸ್‌ಪಾಂಡರ್‌ನಲ್ಲಿ 7600 ಹಾಕಿ, ರೇಡಿಯೋ ಕೆಟ್ಟಿದೆ ಎನ್ನುವ ಸಂಕೇತ ಅದು. ಸರ್ಕ್ಯೂಟ್‌ನಲ್ಲೇ ಇದ್ದುಕೊಂಡು ಟವರ್ ಕಡೆ ನೋಡಿ, ಅವರು ಬಣ್ಣದ ಬೆಳಕು ತೋರಿಸುತ್ತಾರೆ. ನಿಂತ ಹಸಿರು: ಇಳಿಯಬಹುದು. ನಿಂತ ಕೆಂಪು: ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಲೇ ಇರಿ. ಮಿಣುಕುವ ಹಸಿರು: ಇಳಿಯಲು ವಾಪಸ್ ಬನ್ನಿ, ಅನುಮತಿ ಆಮೇಲೆ. ಮಿಣುಕುವ ಕೆಂಪು: ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡಿ. ರೆಕ್ಕೆ ಅಲ್ಲಾಡಿಸಿದರೆ ನಿಮಗೆ ತಿಳಿಯಿತು ಎಂದು ಅವರಿಗೆ ಗೊತ್ತಾಗುತ್ತದೆ. ಪರೀಕ್ಷೆಗೆಂದು ಕಲಿತು ಮರೆಯುವ ಪಾಠ ಇದು. ಚಿಕ್ಕ ಚೀಟಿಯಲ್ಲಿ ಬರೆದು ಮಂಡಿ ಹಲಗೆಗೆ ಅಂಟಿಸಿಕೊಳ್ಳಿ.

ಹೆಜ್ಜೆ 8: ಆದದ್ದನ್ನು ಅವತ್ತೇ ಬರೆದು ಕೊಡಿ

ಆ ಡಿಸೆಂಬರ್ ಬೆಳಗ್ಗೆ ಇಳಿದ ಮೇಲೆ ನಾವಿಬ್ಬರೂ ಕ್ಯಾಂಟೀನ್ ಹಿಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿದೆವು. ಯಾರಿಗೂ ಹೇಳುವುದು ಬೇಡ ಅಂತ ಮಾತಾಯಿತು. ಹೇಳಿದರೆ ಸೋಲೋ, ಅಂದರೆ ಒಬ್ಬರೇ ಹಾರುವುದನ್ನು, ನಿಲ್ಲಿಸುತ್ತಾರೆ, ಮನೆಯಲ್ಲಿ ಸಾಲ ಮಾಡಿ ಕಳಿಸಿದ್ದಾರೆ, ಒಂದು ತಿಂಗಳು ಹಿಂದೆ ಬೀಳುತ್ತೇವೆ. ಇಬ್ಬರಿಗೂ ಅದೇ ಭಯ. ಎಂಟೇ ದಿನಕ್ಕೆ ಅದೇ ಎರಡು ಕಾಲ್ ಸೈನ್‌ಗಳು ಮತ್ತೆ ಒಂದೇ ಹೊತ್ತಿಗೆ ಮೇಲಿದ್ದವು. ಬೇರೆ ಇಬ್ಬರು ಮಕ್ಕಳು. ಅವರಿಗೂ ಹಾಗೆಯೇ ಗೊಂದಲವಾಯಿತು. ಪುಣ್ಯಕ್ಕೆ ಟವರ್‌ನಲ್ಲಿದ್ದವರ ಕಣ್ಣಿಗೆ ಬಿತ್ತು. ನಾನು ಅವತ್ತೇ ಒಂದು ಹಾಳೆ ಬರೆದು ಕೊಟ್ಟಿದ್ದರೆ ಆ ಎರಡು ವಿಮಾನಗಳನ್ನು ಒಟ್ಟಿಗೆ ಬಿಡುತ್ತಲೇ ಇರಲಿಲ್ಲ. ಈ ನೋವು ನನ್ನಿಂದ ಹೋಗಿಲ್ಲ.

ಪ್ರತಿ ಸ್ಕೂಲಿನಲ್ಲೂ ಸುರಕ್ಷತೆ ನೋಡಿಕೊಳ್ಳುವವರು ಒಬ್ಬರು ಇರಬೇಕು. ಸೇರಿದ ಮೊದಲ ದಿನವೇ ಅವರು ಯಾರು, ರಿಪೋರ್ಟ್ ಹಾಳೆ ಎಲ್ಲಿದೆ ಅಂತ ಕೇಳಿ. ಸ್ವಇಚ್ಛೆಯಿಂದ ಬರೆದು ತಿಳಿಸುವ ವ್ಯವಸ್ಥೆ ಡಿಜಿಸಿಎಯಲ್ಲೂ ಇದೆ.

ಬರೆಯುವಾಗ ಯಾರದು ತಪ್ಪು ಎಂದು ಬರೆಯಬೇಡಿ, ಏನಾಯಿತು ಎಂದು ಬರೆಯಿರಿ. ಹೊತ್ತು ಎಷ್ಟು, ಸರ್ಕ್ಯೂಟ್‌ನ ಯಾವ ಭಾಗ, ಎತ್ತರ ಎಷ್ಟು, ಸೂರ್ಯ ಯಾವ ಕಡೆ, ರೇಡಿಯೋದಲ್ಲಿ ಕೇಳಿದ ಕೊನೆಯ ಮಾತು ಏನು, ಇನ್ನೊಂದು ವಿಮಾನ ಮೊದಲು ಯಾವಾಗ ಕಂಡಿತು. ಇಂಗ್ಲಿಷ್ ಸರಿ ಬರದಿದ್ದರೆ ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ, ಆಮೇಲೆ ಗೆಳೆಯರ ಹತ್ತಿರ ಬರೆಸಿ. ಮಲಗುವ ಮೊದಲು ಬರೆಯಿರಿ, ಬೆಳಗ್ಗೆ ಅರ್ಧ ಮರೆತಿರುತ್ತದೆ. ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಂಡು, ಒಂದು ವಾರ ಬಿಟ್ಟು ಹೋಗಿ ಏನು ಬದಲಾಯಿತು ಅಂತ ಕೇಳಿ.